ತೂಗುಕುಂಡಕ್ಕೆ ಎಷ್ಟು ಮಣ್ಣು? ಮೊದಲು ಅಳೆಯೋಣ, ಆಮೇಲೆ ಅಂಗಡಿಗೆ ಹೋಗೋಣ

ಕ್ರಿಸ್ಮಸ್ ಮತ್ತು ವಾರ್ಷಿಕ ಹಬ್ಬ ಹತ್ತಿರ ಬಂತೆಂದರೆ ಯುವಸಂಘದ ಮೀಟಿಂಗಿನಲ್ಲಿ ಅಲಂಕಾರದ ಮಾತು ಶುರುವಾಗುತ್ತದೆ. ಪ್ಲಾಸ್ಟಿಕ್ ಹೂ ಬೇಡ, ಚರ್ಚಿನ ಜಗಲಿಗೆ ಜೀವಂತ ಗಿಡಗಳ ತೂಗುಕುಂಡ ಹಾಕೋಣ ಎಂದು ಈಗೀಗ ಹಲವರು ಹೇಳುತ್ತಿದ್ದಾರೆ. ಒಳ್ಳೆಯ ಯೋಚನೆ. ಆದರೆ "ಪಾಟಿಂಗ್ ಮಿಕ್ಸ್ ಎಷ್ಟು ಬೇಕು?" ಎಂದು ಯಾರಾದರೂ ಕೇಳಿದರೆ, "ಒಂದು ಹತ್ತು ಚೀಲ ತರೋಣ, ಉಳಿದರೆ ಆಮೇಲೆ ನೋಡೋಣ" ಎಂಬ ಉತ್ತರ ಬರುತ್ತದೆ. ಈ "ಆಮೇಲೆ ನೋಡೋಣ" ನನಗೆ ಒಪ್ಪಿಗೆಯಿಲ್ಲ.

ಆ ಹಣ ಎಲ್ಲಿಂದ ಬಂತು ಎಂದು ನೋಡಿ. ವಾಳೆಯ ಗುರಿಕಾರರು ಮನೆಮನೆಗೆ ಹೋಗಿ ಸಂಗ್ರಹಿಸಿದ್ದು ಅದು. ಬೀಡಿ ಕಟ್ಟುವ ತಾಯಿ ಕೊಟ್ಟ ನೂರು ರೂಪಾಯಿಯೂ ಅದರಲ್ಲಿದೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದು ಯೇಸು ಕೇಳಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಗೋಪುರಕ್ಕೆ ಬೇಕಾದ ಲೆಕ್ಕ ಕುಂಡಕ್ಕೆ ಬೇಡ ಎಂದು ಅಲ್ಲಿ ಎಲ್ಲೂ ಹೇಳಿಲ್ಲ.

ಲೆಕ್ಕ ತಪ್ಪುವುದಕ್ಕೆ ಮುಖ್ಯ ಕಾರಣ, ಕುಂಡವನ್ನು ಇಂಚಿನಲ್ಲಿ ಮಾರುತ್ತಾರೆ, ಮಿಕ್ಸನ್ನು ಕಿಲೋದಲ್ಲಿ ಮಾರುತ್ತಾರೆ. ನಮಗೆ ಬೇಕಾದದ್ದು ಲೀಟರ್. ಚೀಲದೊಳಗಿನ ಮಿಕ್ಸ್ ಒದ್ದೆಯಾಗಿದ್ದರೆ ತೂಕ ಜಾಸ್ತಿ, ಗಾತ್ರ ಕಡಿಮೆ. ಹಾಗಾಗಿ ಕಿಲೋ ನೋಡಿ ಕುಂಡ ತುಂಬುವ ಲೆಕ್ಕ ಎಂದೂ ಕೂಡುವುದಿಲ್ಲ. ಅರ್ಧ ಚೆಂಡಿನಾಕಾರದ 12 ಇಂಚಿನ ಕುಂಡವೆಂದರೆ ಸುಮಾರು 30 ಸೆಂಟಿಮೀಟರ್ ಅಗಲ. ಹತ್ತನೇ ಕ್ಲಾಸಿನ ಗಣಿತದ ಸೂತ್ರದ ಪ್ರಕಾರ ಅದರಲ್ಲಿ 7 ಲೀಟರ್ ಹಿಡಿಸುತ್ತದೆ. ಆದರೆ ಒಳಗೆ ಹಾಸುವ ನಾರಿನ ಹೊದಿಕೆಯೇ 1 ಸೆಂಟಿಮೀಟರ್ ದಪ್ಪ ಇರುತ್ತದೆ. ಮೇಲೆ ನೀರು ನಿಲ್ಲಲು 2 ಸೆಂಟಿಮೀಟರ್ ಖಾಲಿ ಬಿಡಬೇಕು. ಕುಂಡದ ಬಾಯಿಯ ಹತ್ತಿರವೇ ಅಗಲ ಜಾಸ್ತಿ ಇರುವುದರಿಂದ ಅಷ್ಟರಲ್ಲೇ ಬಹಳ ಕಡಿಮೆಯಾಗಿ ನಾಲ್ಕೂವರೆ ಲೀಟರಿಗೆ ಇಳಿಯುತ್ತದೆ. ನೀರು ಹಾಕಿದ ಮೇಲೆ ಮಿಕ್ಸ್ ಕುಸಿಯುವುದಕ್ಕೆ ಸ್ವಲ್ಪ ಸೇರಿಸಿದರೆ 5 ಲೀಟರ್, ತಪ್ಪಿದರೆ ಐದೂಕಾಲು.

ಸೂತ್ರ ಇಷ್ಟವಿಲ್ಲದವರು ಕುಂಡದೊಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಲೀಟರಿನ ಬಾಟಲಿಯಿಂದ ನೀರು ಸುರಿದು ಎಣಿಸಬಹುದು. ತಳ ಚಪ್ಪಟೆಯಾಗಿರುವ ಕುಂಡಗಳಿಗೆ ಇದೇ ಸರಿಯಾದ ದಾರಿ.

ನನ್ನ ಮುಖ್ಯ ತಕರಾರು ಇರುವುದು ಸಂಖ್ಯೆಯ ಬಗ್ಗೆ. ಜಗಲಿ ತುಂಬಿದಂತೆ ಕಾಣಲಿ ಎಂದು 8 ಇಂಚಿನ 24 ಪ್ಲಾಸ್ಟಿಕ್ ಕುಂಡ ತರುವ ಆಸೆ ಎಲ್ಲರಿಗೂ ಇದೆ. ಅಂಥ ಒಂದಕ್ಕೆ ಹಿಡಿಸುವುದು ಒಂದೂವರೆ ಲೀಟರಿನ ಮೇಲೆ ಸ್ವಲ್ಪ. ಅಂದರೆ 24 ಸಣ್ಣ ಕುಂಡಗಳಿಗೆ ಬೇಕಾಗುವಷ್ಟೇ ಮಿಕ್ಸಿನಲ್ಲಿ 12 ಇಂಚಿನ 8 ಕುಂಡ ತುಂಬುತ್ತದೆ. ಖರ್ಚಾಗುವುದು ಎರಡಕ್ಕೂ ನಲವತ್ತು ಚಿಲ್ಲರೆ ಲೀಟರ್. ಆದರೆ ಹಬ್ಬ ಮುಗಿದ ಮೇಲೆ, ಫೆಬ್ರವರಿಯ ಬಿಸಿಲಿನಲ್ಲಿ, ಒಂದೂವರೆ ಲೀಟರಿನ ಕುಂಡ ಬೆಳಿಗ್ಗೆ ನೀರು ಹಾಕಿದರೆ ಸಂಜೆಗೆ ಒಣಗಿರುತ್ತದೆ. ದಿನಕ್ಕೆರಡು ಸಲ 24 ಕುಂಡಗಳಿಗೆ ಏಣಿ ಹಿಡಿದು ನೀರು ಹಾಕುವವರು ಯಾರು? ಹೆಸರು ಕೊಡಿ ಅಂದರೆ ಮೀಟಿಂಗ್ ಮೌನ. ಕೊನೆಗೆ ಆ ಕೆಲಸ ಮಿರೋಣನ್ ತಲೆಗೆ ಬೀಳುತ್ತದೆ. ನನ್ನ ಮತ ಎಂಟು ದೊಡ್ಡ ಕುಂಡಗಳಿಗೆ.

ಫೋಟೊದಲ್ಲಿ ಎಂಟು ಕುಂಡ ಬೋಳಾಗಿ ಕಾಣುತ್ತದೆ ಎನ್ನುವವರಿದ್ದಾರೆ. ಮೊದಲ ವಾರ ಹಾಗೆ ಕಾಣುವುದು ನಿಜ. ಆರು ವಾರ ಮೊದಲೇ ನೆಟ್ಟು ಬಿಸಿಲಿಗೆ ತೂಗಿಸಿದರೆ, ನಾವು ಟೇಬಲ್ ರೋಸ್ ಎನ್ನುವ, ಮಲಯಾಳದ ಗೆಳೆಯರು ಪತ್ತುಮಣಿ ಎನ್ನುವ ಗಿಡ ಕುಂಡದ ಅಂಚು ಮುಚ್ಚಿ ಕೆಳಗೆ ಇಳಿದಿರುತ್ತದೆ.

ಇನ್ನು ಮಿಕ್ಸನ್ನು ಕೊಳ್ಳಲೇಬೇಕೇ? ತೆಂಗಿನ ನಾಡು ಕಾಸರಗೋಡಿನಲ್ಲಿ ಕುಳಿತು, ಎಲ್ಲಿಂದಲೋ ಬಂದ ಬಣ್ಣದ ಚೀಲಕ್ಕೆ ದುಡ್ಡು ಕೊಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. 5 ಕಿಲೋದ ಒಂದು ಕೊಕೊಪೀಟ್ ಇಟ್ಟಿಗೆ ನೀರು ಕುಡಿದು 60 ಲೀಟರಿಗೂ ಮೇಲೆ ಉಬ್ಬುತ್ತದೆ. ಮಿಕ್ಸಿನಲ್ಲಿ ಅರ್ಧ ಭಾಗ ಕೊಕೊಪೀಟ್ ಸಾಕು. ಎಂಟು ಕುಂಡಕ್ಕೆ ಇಟ್ಟಿಗೆಯ ಮೂರರಲ್ಲೊಂದು ಪಾಲು ಮುಗಿದರೆ ಹೆಚ್ಚು. ಅದನ್ನು ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಚಹಾದ ಬಣ್ಣದ ನೀರು ಚೆಲ್ಲಬೇಕು. ಉಪ್ಪಿನಂಶ ಅದರೊಂದಿಗೆ ಹೋಗುತ್ತದೆ. ಉಳಿದ ಅರ್ಧದಲ್ಲಿ ಎರೆಗೊಬ್ಬರ ಒಂದು ಪಾಲು, ಉಮಿಕರಿ ಒಂದು ಪಾಲು. ಅಜ್ಜಿಯಂದಿರು ಹಲ್ಲುಜ್ಜುತ್ತಿದ್ದ ಅದೇ ಉಮಿಕರಿ, ಪುಡಿ ಮಾಡದೆ ಹಾಕಿದರಾಯಿತು. ತೆಂಗಿನ ಗರಿಯಿಂದಲೇ ಎರೆಗೊಬ್ಬರ ಮಾಡುವ ವಿಧಾನವನ್ನು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯೇ ರೂಪಿಸಿ ರೈತರಿಗೆ ಕೊಟ್ಟಿದೆ. ಗರಿ ಯಾರ ಹಿತ್ತಲಲ್ಲಿ ಇಲ್ಲ ಹೇಳಿ?

ದುಡ್ಡು ಉಳಿಸಲು ಹಿತ್ತಲಿನ ಕೆಂಪು ಮಣ್ಣನ್ನೇ ತುಂಬೋಣ ಎಂಬ ಸಲಹೆಯೂ ಬರುತ್ತದೆ. ಇದನ್ನು ಮಾತ್ರ ಖಡಾಖಂಡಿತ ಬೇಡ ಎನ್ನುತ್ತೇನೆ. ನೆನೆದ ಕೆಂಪು ಮಣ್ಣು ಲೀಟರಿಗೆ ಹೆಚ್ಚುಕಡಿಮೆ 1.8 ಕಿಲೋ ತೂಗುತ್ತದೆ. ನೆನೆದ ಕೊಕೊಪೀಟ್ ಮಿಕ್ಸ್ ಸುಮಾರು 1 ಕಿಲೋ. ಒಂದೇ ಕುಂಡಕ್ಕೆ ಎಂಟು ಕಿಲೋ ಎಲ್ಲಿ, ನಾಲ್ಕೂವರೆ ಎಲ್ಲಿ! ಹಳೆಯ ಹಂಚಿನ ಮಾಡಿನ ಜಗಲಿಗಳಲ್ಲಿ ಕೊಕ್ಕೆಯನ್ನು ಕೈಗೆ ಸಿಕ್ಕ ರೀಪಿಗೆ ಹೊಡೆಯುವವರಿದ್ದಾರೆ. ರೀಪು ಇರುವುದು ಹಂಚು ಹೊರಲು. ಕುಂಡ ತೂಗಿಸಬೇಕಾದದ್ದು ತೊಲೆಗೆ, ಅದೂ ಗೆದ್ದಲು ಹಿಡಿದಿದೆಯೇ ಎಂದು ಬಡಗಿಯವರಿಂದ ತಟ್ಟಿ ನೋಡಿಸಿದ ಮೇಲೆ. ಭಾನುವಾರ ಬಲಿಪೂಜೆ ಮುಗಿದೊಡನೆ ಕ್ರೈಸ್ತ ಶಿಕ್ಷಣದ ಮಕ್ಕಳು ಸಾಲಾಗಿ ನಿಲ್ಲುವುದು ಅದೇ ಜಗಲಿಯಲ್ಲಿ.

ಮುಂದಿನ ಮೀಟಿಂಗಿಗೆ ಒಬ್ಬರು ಟೇಪು, ಇನ್ನೊಬ್ಬರು ನೀರಿನ ಬಾಟಲಿ ತನ್ನಿ. ಎಷ್ಟು ಕುಂಡ, ಕುಂಡಕ್ಕೆಷ್ಟು ಲೀಟರ್, ಒಟ್ಟು ಎಷ್ಟು ಎಂದು ಬರೆದು ಪಾಲನಾ ಮಂಡಳಿಗೆ ಕೊಟ್ಟು ಆಮೇಲೆ ಹಣ ಕೇಳೋಣ. ಯಾವ ವಾರ ಯಾವ ವಾಳೆಯವರು ನೀರು ಹಾಕುತ್ತಾರೆ ಎಂಬುದೂ ಅದೇ ಕಾಗದದಲ್ಲಿರಲಿ. ಉಳಿದ ಕೊಕೊಪೀಟ್ ಇಟ್ಟಿಗೆಯನ್ನು ನೆನೆಸದೆ ಒಣ ಜಾಗದಲ್ಲಿ ಇಟ್ಟರೆ ಮುಂದಿನ ವರ್ಷದ ಹಬ್ಬಕ್ಕೂ ಆಗುತ್ತದೆ.