ಹಿರೀ ಮಗ ಅಂದ ಮಾತ್ರಕ್ಕೆ ಎಕ್ಸಿಕ್ಯೂಟರ್ ಆಗಲ್ಲ ಸ್ವಾಮೀ!

ನಮ್ಮ ಕಡೆ ಯಾರಾದ್ರೂ ತೀರಿಕೊಂಡ್ರೆ ಒಂದೊಂದು ಕೆಲಸಕ್ಕೂ ಒಬ್ಬೊಬ್ಬರು ಇರ್ತಾರೆ. ನೆಂಟರಿಗೆ ಫೋನ್ ಮಾಡೋರು, ಗುಂಡಿ ತೆಗೆಸೋರು, ಶಾಮಿಯಾನ ಹಾಕಿಸೋರು, ತಿಥಿ ಅಡುಗೆಗೆ ಭಟ್ಟರನ್ನ ಗೊತ್ತು ಮಾಡೋರು, ಪೇಪರಿಗೆ ಫೋಟೋ ಕೊಡೋರು... ಆದ್ರೆ ಹೋದವರ ಪಾಸ್‌ಬುಕ್, ಪಹಣಿ, ಸೊಸೈಟಿ ಸಾಲ, ಕೊಡಬೇಕಾದ ಕೂಲಿ, ಬರಬೇಕಾದ ಬಾಕಿ ಇದೆಲ್ಲಕ್ಕೆ ಯಾರು ಜವಾಬ್ದಾರಿ ಅಂತ ಕೇಳಿ ನೋಡಿ. ಎಲ್ಲರೂ ಹಿರೀ ಮಗನ ಮುಖ ನೋಡ್ತಾರೆ. ಹಿರೀ ಮಗ ಗೋಡೆ ನೋಡ್ತಾನೆ.

ಆ ಕೆಲಸಕ್ಕೂ ಒಂದು ಹುದ್ದೆ ಇದೆ, ಅದಕ್ಕೆ ನೂರು ವರ್ಷ ದಾಟಿದ ಕಾನೂನಿದೆ ಅನ್ನೋದು ನಮ್ಮಲ್ಲಿ ಸುಮಾರು ಜನಕ್ಕೆ ಗೊತ್ತೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಆ ಮನುಷ್ಯನನ್ನ ಎಕ್ಸಿಕ್ಯೂಟರ್ ಅಂತ ಕರೆಯುತ್ತೆ. ಕನ್ನಡದಲ್ಲಿ ಉಯಿಲಿನ ನಿರ್ವಾಹಕ ಅನ್ನಬಹುದು. (ಬಸ್ ಕಂಡಕ್ಟರಿಗೂ ನಿರ್ವಾಹಕ ಅಂತಾರೆ. ಪರವಾಗಿಲ್ಲ ಬಿಡಿ, ಕೆಲಸ ಹೆಚ್ಚುಕಮ್ಮಿ ಅದೇ. ಎಲ್ಲರಿಗೂ ಟಿಕೆಟ್ ಕೊಡಬೇಕು, ಚಿಲ್ಲರೆ ವಾಪಸ್ ಕೊಡಬೇಕು, ಕೊನೆಗೆ ಡಿಪೋದಲ್ಲಿ ಲೆಕ್ಕ ಒಪ್ಪಿಸಬೇಕು. ಬಸ್ಸು ಮಾತ್ರ ಅವನದ್ದಲ್ಲ! :-))

ನಾನು ವಕೀಲ ಅಲ್ಲ. ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟದ ಮನೆಯ ಹುಡುಗ, ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡು ಬೆಂಗಳೂರಲ್ಲಿ ಸಾಫ್ಟ್‌ವೇರು. ದಿನಕ್ಕೆ ಹತ್ತು ಸಲ 'ಎಕ್ಸಿಕ್ಯೂಟ್' ಅನ್ನೋ ಪದ ಬಳಸ್ತೀನಿ. ಪ್ರೋಗ್ರಾಮ್ ಎಷ್ಟೇ ಚೆನ್ನಾಗಿ ಬರೆದಿರಲಿ, ಓಡಿಸೋರು ಇಲ್ಲದಿದ್ರೆ ಅದು ಬರೀ ಅಕ್ಷರ. ಉಯಿಲಿನ ಕಥೆಯೂ ಇಷ್ಟೇ. ಯಾರಿಗೆ ಏನು ಅಂತ ಬರೆದು, ಹಂಚೋರು ಯಾರು ಅಂತ ಬರೆಯದ ಉಯಿಲು ಅರ್ಧ ಉಯಿಲು. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ನಾನು ಕಣ್ಣಾರೆ ನೋಡಿರೋ ಉಯಿಲುಗಳೆಲ್ಲ ಈ ಅರ್ಧ ಜಾತಿಯವು.

ನಮ್ಮ ಮನೆಯದ್ದೇ ತಗೊಳ್ಳಿ. ಅಜ್ಜ ಸ್ವಯಾರ್ಜಿತ ಆಸ್ತಿಗೆ ಉಯಿಲು ಬರೆದಿದ್ರು. ಇಬ್ಬರು ಸಾಕ್ಷಿ, ರಿಜಿಸ್ಟ್ರೇಶನ್, ಎಲ್ಲ ಸರಿ. ತೋಟ ಗಂಡುಮಕ್ಕಳಿಗೆ, ಜಗಳೂರಿಗೆ ಕೊಟ್ಟ ಅತ್ತೆಗೆ ಅಡಿಕೆ ದುಡ್ಡಲ್ಲಿ ಮೂರು ಲಕ್ಷ. ಎಕ್ಸಿಕ್ಯೂಟರ್ ಹೆಸರು ಮಾತ್ರ ಇಲ್ಲ. ಅಜ್ಜ ಹೋದ ಮೇಲೆ ದೊಡ್ಡಪ್ಪ "ನಾನೇ ಕೊಡಬೇಕು ಅಂತ ಎಲ್ಲಿ ಬರೆದಿದೆ?" ಅಂದ್ರು. ಹೊನ್ನಾಳಿಯಲ್ಲಿರೋ ಚಿಕ್ಕಪ್ಪ "ಖೇಣಿ ದುಡ್ಡು ಅಣ್ಣನ ಕೈಗೆ ಬಂದಿದೆ, ಅವನನ್ನೇ ಕೇಳು" ಅಂದ್ರು. ಇಬ್ಬರ ಮಾತಲ್ಲೂ ಸುಳ್ಳಿಲ್ಲ, ಅದೇ ಸಮಸ್ಯೆ! ಅತ್ತೆ ನಾಲ್ಕು ವರ್ಷ ಕಾದ್ರು. ಮಳೆ ನಂಬಿ ಮೆಕ್ಕೆಜೋಳ ಹಾಕೋ ಮನೆಗೆ ಮೂರು ಲಕ್ಷ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನ್ಯಾಮತಿ ಕಡೆಯಿಂದ ಕೊನೆ ಕೊಯ್ಯೋಕೆ ಬರ್ತಿದ್ದ ಆಳುಗಳ ಎರಡು ತಿಂಗಳ ಕೂಲಿಗೂ ಇದೇ ಗತಿ. "ಅಜ್ಜ ಹೇಳಿದ್ರು, ಅಜ್ಜನ್ನೇ ಕೇಳಿ" ಅನ್ನೋ ಮಟ್ಟಕ್ಕೆ ಮಾತು ಬಂತು. ಜಗಳೂರಿನ ಹೆಸರಲ್ಲಿ ಜಗಳ ಇದೆ ಅಂತ ನಗ್ತಿದ್ದೆವು. ಜಗಳ ಇದ್ದದ್ದು ಚನ್ನಗಿರಿಯ ನಮ್ಮ ಪಡಸಾಲೆಯಲ್ಲಿ.

ಈಗ ಕಾನೂನು ಏನು ಹೇಳುತ್ತೆ ನೋಡಿ. ಉಯಿಲಿನಲ್ಲಿ ಎಕ್ಸಿಕ್ಯೂಟರ್ ಹೆಸರಿದ್ರೆ, 211ನೇ ಕಲಂ ಪ್ರಕಾರ ಅವನೇ ಮೃತರ ಕಾನೂನುಬದ್ಧ ಪ್ರತಿನಿಧಿ. ಆಸ್ತಿ ಅವನಲ್ಲಿ ನಿಹಿತವಾಗುತ್ತೆ, ಅಂದ್ರೆ ಅವನ ಸ್ವಂತಕ್ಕಲ್ಲ, ಹಂಚೋದಕ್ಕೆ. ಬರಬೇಕಾದ ಬಾಕಿ ಅವನೇ ವಸೂಲಿ ಮಾಡಬೇಕು. ಸಾಲ ಅವನೇ ತೀರಿಸಬೇಕು. ಅದಕ್ಕೊಂದು ಸರತಿಯೂ ಇದೆ. ಮೊದಲು ಅಂತ್ಯಕ್ರಿಯೆ ಖರ್ಚು ಮತ್ತು ಕೊನೇ ಒಂದು ತಿಂಗಳ ಔಷಧೋಪಚಾರದ ಖರ್ಚು. ಆಮೇಲೆ ಕೋರ್ಟಿನ ಖರ್ಚು. ಅದಾದ ಮೇಲೆ? ಬ್ಯಾಂಕ್ ಅಲ್ಲ, ಮಕ್ಕಳೂ ಅಲ್ಲ! ಸಾಯೋದಕ್ಕೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೂಲಿಯವರ, ಕುಶಲಕರ್ಮಿಗಳ, ಮನೆಗೆಲಸದವರ ಸಂಬಳ. 322ನೇ ಕಲಂ. ಮಿಕ್ಕ ಸಾಲಗಾರರು ಅವರ ಹಿಂದೆ ನಿಲ್ಲಬೇಕು. ಸಾಲವೆಲ್ಲ ತೀರಿದ ಮೇಲೆ ಉಯಿಲಿನ ಪ್ರಕಾರ ಹಂಚಿಕೆ. ಬ್ರಿಟಿಷರ ಕಾಲದ ಕಾನೂನು ಕೊನೆಗಾರನಿಗೆ ಕೊಟ್ಟ ಮರ್ಯಾದೆಯನ್ನ ನಾವು ಕೊಡಲಿಲ್ಲ.

ಇನ್ನು ನಾನು ಕೇಳಿ ಕೇಳಿ ಸುಸ್ತಾಗಿರೋ ಮಾತುಗಳಿಗೆ ಬರ್ತೀನಿ.

"ಹಿರೀ ಮಗ ಇದ್ದಾನಲ್ಲ, ಅವನೇ ಯಜಮಾನ." ಯಾರು ಹೇಳಿದ್ದು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಒಂದನೇ ವರ್ಗದ ವಾರಸುದಾರರಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮ. ಹಿರೀ ಮಗನಿಗೆ ಒಂದು ಗುಲಗಂಜಿಯೂ ಹೆಚ್ಚಿಲ್ಲ. ಹೆಣ್ಣುಮಕ್ಕಳನ್ನ ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಪಾಲುದಾರರು ಅಂತ ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಒಪ್ಪಿಕೊಂಡಾಗಿದೆ, ಸುಪ್ರೀಂ ಕೋರ್ಟು 2020ರಲ್ಲಿ ಅದನ್ನೇ ಗಟ್ಟಿ ಮಾಡಿದೆ. ಯಾರೂ ನೇಮಿಸದೆ ಬೀಗದ ಕೈ ಕಿತ್ತುಕೊಂಡು ಯಜಮಾನಿಕೆ ಮಾಡೋರಿಗೂ ಈ 1925ರ ಕಾಯ್ದೆಯಲ್ಲಿ ಒಂದು ಹೆಸರಿದೆ ಕಣ್ರೀ: ತನ್ನ ತಪ್ಪಿನಿಂದಲೇ ಎಕ್ಸಿಕ್ಯೂಟರ್ ಆದವನು! 303ನೇ ಕಲಂ. ಅಂತ್ಯಕ್ರಿಯೆಗೆ, ಮನೆಯವರ ತುರ್ತಿಗೆ, ವಸ್ತು ಹಾಳಾಗದ ಹಾಗೆ ಕಾಪಾಡೋದಕ್ಕೆ ಕೈ ಹಾಕಿದ್ರೆ ತಪ್ಪಿಲ್ಲ. ಅದು ಬಿಟ್ಟು ಕೈ ಹಾಕಿದ್ರೆ, ಕೈಗೆ ಬಂದಷ್ಟಕ್ಕೆ ಉತ್ತರ ಹೇಳಬೇಕು. ನಮ್ಮ ಊರುಗಳಲ್ಲಿ ಈ ಪದವಿಗೆ ಅರ್ಹರಾದ ಎಷ್ಟು ದೊಡ್ಡಪ್ಪ, ಮಾವಂದಿರು ಸಿಗ್ತಾರೋ!

"ನಾಮಿನಿ ಹಾಕಿದೀವಲ್ಲ." ಇದು ನಮ್ಮ ಸಾಫ್ಟ್‌ವೇರ್ ಮಿತ್ರರ ಮೆಚ್ಚಿನ ಉತ್ತರ. ನಾಮಿನಿ ಅಂದ್ರೆ ಬಾಗಿಲಲ್ಲಿ ಪಾರ್ಸೆಲ್ ಇಸ್ಕೊಳ್ಳೋನು, ಪಾರ್ಸೆಲ್ ಅವನದ್ದೇ ಅಂತಲ್ಲ. ಸುಪ್ರೀಂ ಕೋರ್ಟು ವಿಮೆ ಹಣದ ವಿಚಾರದಲ್ಲಿ 1984ರಲ್ಲೇ ಹೀಗೆ ಹೇಳಿತ್ತು, ಷೇರುಗಳ ವಿಚಾರದಲ್ಲಿ 2023ರ ಡಿಸೆಂಬರಿನಲ್ಲಿ ಮತ್ತೆ ಹೇಳಿತು. (ವಿಮೆಯಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ನಾಮಿನಿ ಆಗಿದ್ರೆ 2015ರ ತಿದ್ದುಪಡಿ ನಂತರ ಲೆಕ್ಕ ಬೇರೆ.) 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು. ಒಳ್ಳೇದೇ. ಆದ್ರೆ ನಾಲ್ಕು ನಾಮಿನಿ ಸೇರಿದ್ರೂ ಒಬ್ಬ ಎಕ್ಸಿಕ್ಯೂಟರ್ ಆಗಲ್ಲ. ತೋಟದ ಕೂಲಿ ಕೊಡೋದು, ಸೊಸೈಟಿ ಸಾಲ ಕಟ್ಟೋದು ನಾಮಿನಿ ಕೆಲಸವೇ ಅಲ್ಲ.

"ನಮ್ಮಲ್ಲಿ ಪ್ರೊಬೇಟ್ ಬೇಕಾಗಿಲ್ಲ, ಹಾಗಾಗಿ ಎಕ್ಸಿಕ್ಯೂಟರೂ ಬೇಡ." ಇದು ಪತ್ರ ಬರೆಯೋರ ಮಾತು, ನನಗೆ ಜಾಸ್ತಿ ಸಿಟ್ಟು ಬರಿಸೋದೂ ಇದೇ. ಪ್ರೊಬೇಟ್ ಅಂದ್ರೆ ಈ ಉಯಿಲು ಸಾಚಾ ಅಂತ ಕೋರ್ಟು ಮುದ್ರೆ ಒತ್ತಿ ಎಕ್ಸಿಕ್ಯೂಟರ್ ಕೈಗೆ ಕೊಡೋ ಪತ್ರ. ಹಿಂದೂಗಳ ಉಯಿಲಿಗೆ ಅದು ಕಡ್ಡಾಯ ಇದ್ದದ್ದು ಮುಖ್ಯವಾಗಿ ಕಲ್ಕತ್ತಾ, ಮದ್ರಾಸು, ಬಾಂಬೆ ಕಡೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಇರಲಿಲ್ಲ. 2025ರ ಡಿಸೆಂಬರಿನಲ್ಲಿ ಆ 213ನೇ ಕಲಮನ್ನೇ ಕಾಯ್ದೆಯಿಂದ ತೆಗೆದುಹಾಕಿದ್ರು. ಸರಿ, ಖರ್ಚು ಉಳಿಯಿತು, ಓಡಾಟ ಉಳಿಯಿತು. ಆದ್ರೆ ಇದರ ಇನ್ನೊಂದು ಮಗ್ಗುಲು ನೋಡಿದ್ರಾ? ಪ್ರೊಬೇಟ್ ತಗೊಂಡ ಎಕ್ಸಿಕ್ಯೂಟರ್ 317ನೇ ಕಲಂ ಪ್ರಕಾರ ಆರು ತಿಂಗಳಲ್ಲಿ ಆಸ್ತಿ-ಸಾಲದ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕಪತ್ರ ಕೋರ್ಟಿಗೆ ಕೊಡಬೇಕು. ಪ್ರೊಬೇಟೇ ಇಲ್ಲ ಅಂದ್ರೆ ತಾನಾಗೇ ಆ ಪಟ್ಟಿ, ಆ ಲೆಕ್ಕ ಕೇಳೋರು ಯಾರೂ ಇಲ್ಲ. ಕೋರ್ಟು ಪಕ್ಕಕ್ಕೆ ಸರಿದಷ್ಟೂ ಉಯಿಲು ಬರೆಯೋರ ಜವಾಬ್ದಾರಿ ಹೆಚ್ಚಬೇಕು. ಎಕ್ಸಿಕ್ಯೂಟರ್ ಯಾರು, ಎಷ್ಟು ದಿನದಲ್ಲಿ ಯಾರಿಗೆ ಲೆಕ್ಕ ತೋರಿಸಬೇಕು ಅಂತ ಉಯಿಲಲ್ಲೇ ಬರೆಯಬೇಕು. ನಮ್ಮ ಪತ್ರ ಬರೆಯೋರು ಮಾಡ್ತಿರೋದು ಉಲ್ಟಾ. ಹಳೇ ನಮೂನೆಯಲ್ಲಿ ಹೆಸರು, ಸರ್ವೆ ನಂಬರ್ ಬದಲಾಯಿಸಿ ಪ್ರಿಂಟ್ ಹೊಡೆದು ಕೈಗಿಡ್ತಾರೆ. ಕಾಪಿ ಪೇಸ್ಟ್ ನಮ್ಮ ವೃತ್ತಿಯ ಚಾಳಿ ಅಂದ್ಕೊಂಡಿದ್ದೆ :-)

"ಎಕ್ಸಿಕ್ಯೂಟರೇ ನುಂಗಿಹಾಕಿದ್ರೆ?" ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನಮ್ಮ ಮೈಸೂರಿನದ್ದೇ ಒಂದು ಪ್ರಸಿದ್ಧ ಕೇಸಿದೆ. ಲಕ್ಷ್ಮಮ್ಮ ಅನ್ನೋ ವಯಸ್ಸಾದ ಹೆಂಗಸು 1945ರಲ್ಲಿ ಮಾಡಿದ್ರು ಅನ್ನಲಾದ ಉಯಿಲು. ಅದರ ಎಕ್ಸಿಕ್ಯೂಟರ್ ತಾನು ಅಂತ ಎಚ್. ವೆಂಕಟಾಚಲ ಅಯ್ಯಂಗಾರ್ ಆಸ್ತಿ ಸ್ವಾಧೀನಕ್ಕೆ ದಾವೆ ಹಾಕಿದ್ರು. ಆ ಉಯಿಲಿನಲ್ಲಿ ಅವರ ಮಕ್ಕಳಿಗೂ ಆಸ್ತಿ ಬರೆದಿತ್ತು. ಮೈಸೂರು ಹೈಕೋರ್ಟು ಒಪ್ಪಲಿಲ್ಲ. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಉಯಿಲು ಮುಂದಿಡೋನೇ ಅದನ್ನ ಬರೆಸೋದರಲ್ಲಿ ಮುಂದಾಳಾಗಿದ್ದು, ಅದರಿಂದ ಲಾಭವೂ ಅವನ ಕಡೆಗೇ ಬಂದರೆ, ಅನುಮಾನ ನಿವಾರಿಸೋ ಹೊಣೆಯೂ ಅವನದ್ದೇ ಅಂತ ಆ ತೀರ್ಪು ಹೇಳಿತು. ತಿಮ್ಮಜಮ್ಮ ಕೇಸು ಅಂತ ಇವತ್ತಿಗೂ ದೇಶದ ಕೋರ್ಟುಗಳು ಅದನ್ನ ಉಲ್ಲೇಖಿಸ್ತವೆ. ಅದೂ ಅಲ್ಲದೆ, ಎಕ್ಸಿಕ್ಯೂಟರ್ ದುಡ್ಡು ದುರುಪಯೋಗ ಮಾಡಿದ್ರೆ, ಇಲ್ಲಾ ಉದಾಸೀನದಿಂದ ಬಾಕಿ ವಸೂಲಿ ಮಾಡದೆ ಕಳೆದ್ರೆ, ಕೈಯಿಂದ ತುಂಬಿಕೊಡಬೇಕು. ಹೆಸರಿರೋ ಎಕ್ಸಿಕ್ಯೂಟರನ್ನ ಹಿಡಿದು ಕೇಳೋಕೆ ಕಾನೂನಿದೆ. ಹೆಸರೇ ಇಲ್ಲದ ಯಜಮಾನಿಕೆಯನ್ನ ಹಿಡಿಯೋದು ಹೇಗೆ? ನಮ್ಮ ಅತ್ತೆ ಯಾರ ಮೇಲೆ ದಾವೆ ಹಾಕಬೇಕಿತ್ತು, ಇಬ್ಬರು ತಮ್ಮಂದಿರ ಮೇಲೂನಾ?

ಇನ್ನು ಪಹಣಿ ವಿಚಾರ. ವಾರಸಾದ ಮೇಲೆ ಮೂರು ತಿಂಗಳೊಳಗೆ ಕಂದಾಯ ಇಲಾಖೆಗೆ ವರದಿ ಕೊಡಬೇಕು ಅಂತ 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತೆ. ನಾವು? ಮುತ್ತಜ್ಜನ ಹೆಸರಲ್ಲೇ ಪಹಣಿ ತೆಗೆಸ್ಕೊಂಡು ಆರಾಮಾಗಿದೀವಿ. ಮೃತರ ಹೆಸರಲ್ಲಿರೋ ಜಮೀನುಗಳು ರಾಜ್ಯದಲ್ಲಿ ಹತ್ತಾರು ಲಕ್ಷ ಇವೆ ಅಂತ ಲೆಕ್ಕ ಸಿಕ್ಕಿ, 2025ರಲ್ಲಿ ಸರ್ಕಾರವೇ ಇ-ಪೌತಿ ಆಂದೋಲನ ಅಂತ ಮನೆಬಾಗಿಲಿಗೆ ಬರಬೇಕಾಯ್ತು. ಪೌತಿ ಖಾತೆ ಆಗೋದು ಬೇಕೇ ಬೇಕು, ಆದ್ರೆ ಅದು ಬರೀ ದಾಖಲೆಯಲ್ಲಿ ಹೆಸರು ಬದಲಾವಣೆ. ಉಯಿಲಿಗೆ ಒಬ್ಬರು ತಕರಾರು ತೆಗೆದ್ರೆ ಕಂದಾಯ ಅಧಿಕಾರಿ ಸಿವಿಲ್ ಕೋರ್ಟಿನ ದಾರಿ ತೋರಿಸ್ತಾರೆ. ಆಗ ಕೋರ್ಟಿಗೆ ಉಯಿಲು ಹಿಡ್ಕೊಂಡು ಹೋಗೋರು ಯಾರು? ಮತ್ತೆ ಅದೇ ಪ್ರಶ್ನೆ!

ಇಷ್ಟಕ್ಕೆಲ್ಲ ಬೇಕಾದದ್ದು ಉಯಿಲಲ್ಲಿ ಐದು ಸಾಲು ಅಷ್ಟೇ.

1. ನನ್ನ ಉಯಿಲಿನ ಎಕ್ಸಿಕ್ಯೂಟರ್ ಇಂಥವರು ಅಂತ ಹೆಸರು, ವಿಳಾಸ. ಅವರನ್ನ ಮೊದಲೇ ಕೇಳಿ ಒಪ್ಪಿಸಿರಬೇಕು, ಯಾಕಂದ್ರೆ ಬೇಡ ಅನ್ನೋ ಹಕ್ಕು ಅವರಿಗಿದೆ.
2. ಅವರು ಒಲ್ಲೆ ಅಂದ್ರೆ, ಇಲ್ಲಾ ನನಗಿಂತ ಮೊದಲೇ ಹೋದ್ರೆ ಇನ್ನೊಬ್ಬರ ಹೆಸರು.
3. ಕೂಲಿ, ಕೈಸಾಲ, ಸೊಸೈಟಿ ಸಾಲ ಯಾವ ದುಡ್ಡಲ್ಲಿ ತೀರಿಸಬೇಕು.
4. ಯಾವ ಆಸ್ತಿ ಮಾರಬಹುದು, ಯಾವುದು ಮಾರಬಾರದು.
5. ಇಷ್ಟು ತಿಂಗಳಲ್ಲಿ ಎಲ್ಲ ಪಾಲುದಾರರಿಗೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸೇರಿಸಿ, ಬರವಣಿಗೆಯಲ್ಲಿ ಲೆಕ್ಕ.

ಉಯಿಲಿಗೆ ಸ್ಟಾಂಪ್ ಪೇಪರ್ ಬೇಡ, ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ (ಮಾಡಿಸೋದು ಒಳ್ಳೇದು), ಇಬ್ಬರು ಸಾಕ್ಷಿ ಮಾತ್ರ ಬೇಕೇ ಬೇಕು. ಪಿತ್ರಾರ್ಜಿತ ಇದ್ರೆ ನಿಮ್ಮ ಪಾಲಿಗೆ ಮಾತ್ರ ಬರೀಬಹುದು, ಎಲ್ಲರದ್ದೂ ಸೇರಿಸಿ ಬರೆಯೋಕಾಗಲ್ಲ. ಅನುಮಾನ ಇದ್ರೆ ವಕೀಲರನ್ನ ಕೇಳಿ, ನನ್ನನ್ನಲ್ಲ.

ಎಕ್ಸಿಕ್ಯೂಟರ್ ಯಾರಾಗಬೇಕು ಅಂದ್ರೆ ಲೆಕ್ಕ ಗೊತ್ತಿರೋರು, ಹೆದರದೆ ದಬಾಯಿಸೋರು. ಅದು ಹಿರೀ ಮಗನೇ ಆಗಬೇಕಿಲ್ಲ. ಜಗಳೂರಿಗೆ ಕೊಟ್ಟ ಮಗಳಾಗಬಹುದು, ನ್ಯಾಮತಿಯ ರಿಟೈರ್ಡ್ ಮೇಷ್ಟ್ರಾಗಬಹುದು. ಹೊನ್ನಾಳಿ ಹೊಡ್ತ ಕೊಡೋ ತಾಕತ್ತಿದ್ರೆ ಇನ್ನೂ ಒಳ್ಳೇದು :-)

ಈ ವಿಷಯ ನಾನು ಮನೇಲಿ ಎತ್ತಿದಾಗ ಅಮ್ಮ "ಬಿಡ್ತು ಅನ್ನೋ" ಅಂದ್ರು. ಅಪ್ಪಾಜಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ "ಯಾರನ್ನ ಹಾಕೋಣ?" ಅಂತ ಕೇಳಿದ್ರು. ನಾನು ಅಕ್ಕನ ಹೆಸರು ಹೇಳಿದೆ. "ಅವಳು ಹೊರಗಿನವಳಾದ್ಲಲ್ಲ" ಅಂದ್ರು. ವಾದ ಇನ್ನೂ ನಡೀತಿದೆ, ನಾನಂತೂ ಬಿಡಲ್ಲ.

ನೀವೂ ಬಿಡಬೇಡಿ. ಯುಗಾದಿಗೋ ದೀಪಾವಳಿಗೋ ಊರಿಗೆ ಹೋದಾಗ ಹೋಳಿಗೆ ತಿನ್ನೋ ಮೊದಲು, ಯಾರಿಗೆ ಏನು ಅಂತ ಕೇಳಬೇಡಿ, ಅದು ಅವರಿಷ್ಟ. ಹಂಚೋರು ಯಾರು ಅಂತ ಮಾತ್ರ ಕೇಳಿ. ಬೈದ್ರೆ ಬೈಸ್ಕೊಳ್ಳಿ. ಆಮೇಲೆ ನಿಮ್ಮ ಬ್ಲಾಗಲ್ಲಿ ಬರೀರಿ, ಯಾರ ಮನೇಲಿ ಎಷ್ಟು ಬೈಗುಳ ಸಿಕ್ತು ಅಂತ ನಾವೂ ತಿಳ್ಕೊಳ್ಳೋಣ.