ಸಂಬಳದ ಲೆಕ್ಕ ಕೇಳಿದರೆ ತೇಜೋವಧೆಯೇ?

ಹುದ್ದೆ ಕಳೆದುಕೊಂಡ ಹಿರಿಯ ಅಧಿಕಾರಿಯ ಸಂಬಳ ಒಪ್ಪಂದದ ವಿಷಯ, ಅದನ್ನು ಸಂಸತ್ತಿನಲ್ಲಿ ಕೆದಕುವುದು ತೇಜೋವಧೆ ಎಂಬ ಲೇಖಕರೊಬ್ಬರ ವಾದವನ್ನು ಖಂಡಿತ ಒಪ್ಪಲಾರೆ. ಆಸ್ಟ್ರೇಲಿಯಾದ ಪ್ರಕರಣವನ್ನೇ ನೋಡಿ. 2022ರಲ್ಲಿ ಕ್ಯಾಥರಿನ್ ಕ್ಯಾಂಪ್‌ಬೆಲ್ ಅವರನ್ನು ವಿದೇಶಾಂಗ ಇಲಾಖೆಯ ಕಾರ್ಯದರ್ಶಿ ಸ್ಥಾನದಿಂದ ತೆಗೆದು, ರಕ್ಷಣಾ ಇಲಾಖೆಯಲ್ಲಿ 'ಆಕಸ್' ರಕ್ಷಣಾ ಒಪ್ಪಂದದ ಸಲಹೆಗಾರರನ್ನಾಗಿ ಕೂರಿಸಿದರು. ಸ್ಥಾನ ಇಳಿಯಿತು, ವರ್ಷಕ್ಕೆ ಸುಮಾರು 9 ಲಕ್ಷ ಡಾಲರ್ ವೇತನ ಮಾತ್ರ ಹಾಗೆಯೇ ಉಳಿಯಿತು. ಸೆನೆಟ್ ಸಮಿತಿ ಇದನ್ನು ಕೇಳದೆ ಇನ್ಯಾರು ಕೇಳಬೇಕಿತ್ತು?

ಅವರು ಹಿಂದೆ ಮುನ್ನಡೆಸಿದ್ದ ಮಾನವ ಸೇವಾ ಇಲಾಖೆಯೇ ಭತ್ಯೆ ವಸೂಲಿಯ 'ರೋಬೊಡೆಟ್' ಯೋಜನೆ ನಡೆಸಿದ್ದು. ಬಡವರ ಇಡೀ ವರ್ಷದ ಗಳಿಕೆಯನ್ನು 26 ಪಾಲು ಮಾಡಿ, ಪ್ರತಿ ಎರಡು ವಾರಕ್ಕೂ ಅಷ್ಟೇ ಆದಾಯವಿತ್ತೆಂದು ಎಣಿಸಿದರು. ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದವರ ಮನೆಗೂ ವಸೂಲಿ ನೋಟಿಸು ಬಂತು. ಹೀಗೆ ಅಕ್ರಮವಾಗಿ ಹೊರಿಸಿದ ಸಾಲ 170 ಕೋಟಿ ಡಾಲರಿಗೂ ಹೆಚ್ಚು. ಇದರಿಂದ ನೊಂದು ಪ್ರಾಣ ಕಳೆದುಕೊಂಡ ಯುವಕರ ತಾಯಂದಿರು ಈ ಯೋಜನೆಯ ಕುರಿತ ವಿಚಾರಣಾ ಆಯೋಗದ ಮುಂದೆ ಸಾಕ್ಷಿ ನುಡಿದರು.

2023ರ ಜುಲೈನಲ್ಲಿ ಆಯೋಗದ ವರದಿ ಬಂದ ಮೇಲಷ್ಟೇ ಕ್ಯಾಂಪ್‌ಬೆಲ್ ಅವರನ್ನು ವೇತನವಿಲ್ಲದೆ ಅಮಾನತು ಮಾಡಿದ್ದು. ಅದೇ ತಿಂಗಳು ಅವರು ರಾಜೀನಾಮೆ ಕೊಟ್ಟರು. ಅಲ್ಲಿಯವರೆಗೆ ಆ ಸಂಬಳ ಕೊಟ್ಟದ್ದು ತೆರಿಗೆದಾರರು. ಅವರ ಪರವಾಗಿ ಕೇಳಿದ ಪ್ರಶ್ನೆ ತೇಜೋವಧೆ ಹೇಗಾಗುತ್ತದೆಂದು ಲೇಖಕರು ವಿವರಿಸಲಿ.