ಅಜ್ಜನ ಮುಖವೂ ಲೆನ್ಸಿನ ಆಯ್ಕೆಯೂ

ಕಳೆದ ಆಟಿ ತಿಂಗಳ ಮಳೆಯಲ್ಲಿ ನಮ್ಮೂರಿನ ಹಿರಿಯ ವೇಷಧಾರಿಯೊಬ್ಬರು ತೀರಿಕೊಂಡರು. ಅದಕ್ಕೆ ಆರು ತಿಂಗಳ ಮೊದಲು, ಶಾಲಾ ವಾರ್ಷಿಕೋತ್ಸವದ ರಾತ್ರಿ, ಅವರು ನಮ್ಮ ರಂಗಸ್ಥಳದಲ್ಲಿ ಭೀಷ್ಮನ ವೇಷ ಧರಿಸಿದ್ದರು. ಅದೇ ಅವರ ಕೊನೆಯ ವೇಷವಾಯಿತು. ಆ ಆಟವನ್ನು ಚಿತ್ರೀಕರಿಸಿದವರು ನಾವೇ. ಮನೆಯವರು ಕೇಳಿದಾಗ ಸಂತೋಷದಿಂದಲೇ ಪ್ರತಿ ಮಾಡಿಕೊಟ್ಟೆವು. ಮೂರನೆಯ ದಿನ, ಆರನೆಯ ತರಗತಿಯಲ್ಲಿರುವ ಅವರ ಮೊಮ್ಮಗಳು ಕಚೇರಿಯ ಬಾಗಿಲಲ್ಲಿ ನಿಂತು, "ಅಜ್ಜ ಅರ್ಥ ಹೇಳುವುದು ಕೇಳುತ್ತದೆ ಮಾಷ್ಟ್ರೇ, ಮುಖ ಮಾತ್ರ ಕಾಣುವುದಿಲ್ಲ" ಎಂದಳು.

ಹುಡುಗಿ ಹೇಳಿದ್ದು ಸತ್ಯ. ತಪ್ಪು ಲೆನ್ಸಿನದಲ್ಲ, ನಮ್ಮದು. ಎರವಲು ತಂದ ಆ ಝೂಮ್ ಲೆನ್ಸ್ ಬಹು ದೂರದ್ದನ್ನೂ ಹತ್ತಿರಕ್ಕೆಳೆಯುವಂಥದು. ಅದರ ಮೈಮೇಲೆ 3.5-6.3 ಎಂದು ಬರೆದಿತ್ತು. ನಾವು ಅದನ್ನು ಓದಿದ್ದೆವು, ಅರ್ಥಮಾಡಿಕೊಂಡಿರಲಿಲ್ಲ. ಸಂಗಮದೂರವನ್ನು ಬೆಳಕಿನ ಕಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ, ಅದೂ ವರ್ಗದ ಪ್ರಮಾಣದಲ್ಲಿ. 3.5ರಿಂದ 6.3ಕ್ಕೆ ಹೋದರೆ ಒಳಬರುವ ಬೆಳಕು ಮೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಇಡೀ ರಂಗಸ್ಥಳ ಕಾಣುವಂತಿಟ್ಟು ಬೆಳಕಿನ ಹದವನ್ನು ಕೈಯಿಂದಲೇ ಹೊಂದಿಸಿದ್ದ ನಾವು, ಭೀಷ್ಮ ಮಾತಿಗೆ ತೊಡಗಿದಾಗ ಮುಖವನ್ನು ಹತ್ತಿರಕ್ಕೆಳೆದೆವು. ಕಿರೀಟದ ಮಿನುಗು ಉಳಿಯಿತು, ಮುಖ ಕತ್ತಲಾಯಿತು.

ಈ ಸಂಗತಿ ಕೊಲ್ಲಿ ನಾಡುಗಳಲ್ಲಿಯೂ ಬೆಂಗಳೂರಿನಲ್ಲಿಯೂ ಇರುವ ಹಳೆ ವಿದ್ಯಾರ್ಥಿಗಳ ಕಿವಿಗೆ ಬಿದ್ದು, ಶಾಲೆಗೊಂದು ಒಳ್ಳೆಯ ಲೆನ್ಸ್ ಕೊಡಿಸುವುದಾಗಿ ಅವರು ತಿಳಿಸಿದರು. ಒಂದೇ ಲೆನ್ಸ್, ಆಯ್ಕೆ ನಮ್ಮದು. ಶಾಲೆಯಲ್ಲಿರುವುದು ಸೋನಿ ಎ6400 ಕ್ಯಾಮೆರಾ. ಅದರ ದೇಹದೊಳಗೆ ಕೈನಡುಕವನ್ನು ತಡೆಯುವ ಏರ್ಪಾಡಿಲ್ಲ. ಆ ಕಾರಣಕ್ಕೆ, ಮುನ್ನೂರು ಗ್ರಾಮೂ ತೂಗದ, ಅಂಗೈಯಲ್ಲಿ ಅಡಗುವಂಥ ಸಿಗ್ಮಾ 18-50ನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆವು. ಅದರಲ್ಲಿಯೂ ಆ ಏರ್ಪಾಡಿಲ್ಲ. ಉಳಿದವು ಎರಡು. 2013ರಲ್ಲಿ ಬಂದ ಸೋನಿಯವರ 18-105, ಎಫ್ 4. 2021ರಲ್ಲಿ ಬಂದ ಟ್ಯಾಮ್ರಾನ್‌ನವರ 17-70, ಎಫ್ 2.8. ಎರಡರಲ್ಲಿಯೂ ನಡುಕ ತಡೆಯುವ ಏರ್ಪಾಡಿದೆ. ಎರಡರಲ್ಲಿಯೂ ಹತ್ತಿರಕ್ಕೆಳೆದಾಗ ಕಂಡಿಯ ಸಂಖ್ಯೆ ಬದಲಾಗದು. ಭೀಷ್ಮನಿಗಾದ ಅನ್ಯಾಯ ಮತ್ತೆ ಯಾರಿಗೂ ಆಗದು.

ಅಧ್ಯಾಪಕರ ಕೋಣೆಯಲ್ಲಿ ಎರಡು ಪಕ್ಷಗಳಾದವು. ಚಲನಚಿತ್ರದ ಪಕ್ಷ ಸೋನಿಯ ಕಡೆ. ಅದರಲ್ಲಿ ಝೂಮ್ ವಿದ್ಯುತ್ತಿನಿಂದ ನಡೆಯುತ್ತದೆ, ಕೈಯ ತಿರುವಿನ ಎಳೆದಾಟವಿಲ್ಲ, ಉದ್ದ ಬದಲಾಗುವುದಿಲ್ಲ, 105ರವರೆಗೂ ಹೋಗುತ್ತದೆ. ಸ್ಥಿರಚಿತ್ರದ ಪಕ್ಷದವರು ಚಿತ್ರಕಲಾ ಅಧ್ಯಾಪಕರು ಒಬ್ಬರೇ. ಅವರ ವಾದ ನಮಗೆ ಮೊದಲು ತಲೆಕೆಳಗಾಗಿ ತೋರಿತು: ಹೆಚ್ಚು ಬೆಳಕು ಬೇಕಾದದ್ದು ಸ್ಥಿರಚಿತ್ರಕ್ಕೆ. ಕೂತು ಲೆಕ್ಕ ಹಾಕಿದಾಗ ಹೌದೆನಿಸಿತು. ಚಲನಚಿತ್ರದ ಒಂದೊಂದು ಚೌಕಟ್ಟಿಗೆ ಸೆಕೆಂಡಿನ 50ರಲ್ಲೊಂದು ಪಾಲು ಸಾಕು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ದೀಪದ ಮಿಣುಕಾಟವೂ ಆಗ ಅಡಗುತ್ತದೆ. ಆದರೆ ತೆಂಕುತಿಟ್ಟಿನ ದಿಗಿಣವನ್ನು ಗಾಳಿಯಲ್ಲಿ ನಿಲ್ಲಿಸಬೇಕಾದರೆ 250ರಲ್ಲೊಂದು ಪಾಲಾದರೂ ಬೇಕು. ಬೆಳಕು ಐದರಲ್ಲೊಂದು ಪಾಲಿಗೆ ಇಳಿಯಿತು! ಅಲ್ಲಿ ಎಫ್ 4ಕ್ಕಿಂತ ಎಫ್ 2.8 ಇಮ್ಮಡಿ ಬೆಳಕನ್ನು ಕೊಡುತ್ತದೆ.

ಹಾಗಾದರೆ 105 ಇಲ್ಲದ ಕೊರತೆಗೆ ಏನು ಮಾಡುವುದು? ಇದನ್ನು ಎಂಟನೆಯ ತರಗತಿಯ ಕರಿಹಲಗೆಯ ಮೇಲೆ ಸಮರೂಪ ತ್ರಿಭುಜಗಳ ಲೆಕ್ಕವಾಗಿಯೇ ಬರೆದೆವು. ಕ್ಯಾಮೆರಾದೊಳಗಿನ ಫಲಕದ ಅಗಲ 23.5 ಮಿ.ಮೀ. ಹತ್ತು ಮೀಟರ್ ದೂರದಿಂದ 105ರಲ್ಲಿ ಕಾಣುವ ಅಗಲ ಸುಮಾರು 2.2 ಮೀಟರ್, 70ರಲ್ಲಿ ಸುಮಾರು 3.4 ಮೀಟರ್. ಇದೇ 2.2 ಮೀಟರನ್ನು 70ರಲ್ಲಿ ಕಾಣಬೇಕಾದರೆ ಎಷ್ಟು ಮುಂದೆ ಬರಬೇಕು? ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು" ಎಂದ. ಅಷ್ಟೇ. ಎರಡು ಲೆನ್ಸುಗಳ ನಡುವಿನ ಇಷ್ಟೆಲ್ಲ ಚರ್ಚೆ ನಾಲ್ಕೈದು ಹೆಜ್ಜೆಗಳ ಚರ್ಚೆ. ನಡೆದು ಬೆಳಕನ್ನು ಹೆಚ್ಚಿಸಲಾಗದು. ದೂರವನ್ನು ನಡೆದೇ ಕಡಿಮೆ ಮಾಡಬಹುದು. ಇಷ್ಟು ವರ್ಷ ನಮ್ಮ ಸ್ಟೂಲನ್ನು ಗಣ್ಯರ ಕುರ್ಚಿಗಳ ಹಿಂದೆ ಹಾಕುತ್ತಿದ್ದೆವು. ಇನ್ನು ಮುಂದೆ ಮಕ್ಕಳ ಚಾಪೆಯ ಅಂಚಿನಲ್ಲಿ, ತಗ್ಗಿ ಕುಳಿತುಕೊಳ್ಳುವುದು.

ಝೂಮ್ ಎಂಬುದು ಮೊದಲು ಬಂದದ್ದು ಚಲನಚಿತ್ರಕ್ಕೆ, 1930ರ ದಶಕದಲ್ಲಿಯೇ, 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಕ್ಕೆ ಅದು ಬಂದದ್ದು 1959ರಲ್ಲಿ, ಝೂಮಾರ್ ಎಂಬ ಲೆನ್ಸಿನೊಡನೆ. 36ರಿಂದ 82ರವರೆಗೆ, ಎಫ್ 2.8. ಆಗಲೂ ವ್ಯಾಪ್ತಿಯನ್ನು ಕಿರಿದಾಗಿಟ್ಟೇ ಬೆಳಕನ್ನು ಉಳಿಸಿಕೊಂಡಿದ್ದರೆಂಬುದು ಗಮನಾರ್ಹ. ಚಿತ್ರ ನಡೆಯುತ್ತಿರುವಾಗಲೇ ಝೂಮ್ ಮಾಡುವುದು ನಮಗಂತೂ ಹಿತವೆನಿಸದು. ಎಪ್ಪತ್ತರ ದಶಕದ ಸಿನೆಮಾಗಳಲ್ಲಿ ಖಳನಾಯಕನ ಕಣ್ಣಿಗೆ ಸುಯ್ಯೆಂದು ನುಗ್ಗುತ್ತಿದ್ದ ಕ್ಯಾಮೆರಾವನ್ನು ದೂರದರ್ಶನದಲ್ಲಿ ಕಂಡು ನಕ್ಕ ತಲೆಮಾರು ನಮ್ಮದು. ಅದೂ ಅಲ್ಲದೆ, ಸ್ಥಿರಚಿತ್ರಕ್ಕಾಗಿ ಮಾಡಿದ ಎಷ್ಟೋ ಲೆನ್ಸುಗಳಲ್ಲಿ ಝೂಮ್ ಮಾಡುತ್ತಿದ್ದಂತೆ ಸ್ಪಷ್ಟತೆಯ ನೆಲೆಯೂ ಸರಿಯುತ್ತದೆ. ಪದ್ಯ ಮುಗಿದು ಚೆಂಡೆ ನುಡಿಯುವಾಗ ಚೌಕಟ್ಟನ್ನು ಬದಲಿಸಿ, ಅರ್ಥ ತೊಡಗಿದ ಮೇಲೆ ಕೈ ತೆಗೆದುಬಿಡುವುದು ಲೇಸು. ಹೀಗಾಗಿ ವಿದ್ಯುತ್ ಝೂಮಿನ ಆಕರ್ಷಣೆಯೂ ಕಳಚಿತು.

ಟ್ಯಾಮ್ರಾನನ್ನೇ ತರಿಸಿದೆವು. ಕಳೆದುಕೊಂಡದ್ದೂ ಇದೆ. ತೂಕ ಅರ್ಧ ಕಿಲೋ ದಾಟುತ್ತದೆ. ಝೂಮ್ ಮಾಡಿದಾಗ ಕೊಳವೆ ಮುಂದಕ್ಕೆ ಚಾಚುತ್ತದೆ. ತೇವಕ್ಕೆ ತಡೆಯಿದೆಯೆಂದು ತಯಾರಕರು ಹೇಳಿದರೂ, ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಗಾಜಿನ ಮೇಲೂ ಬೂಷ್ಟು ಬೆಳೆಯುವುದನ್ನು ಕಂಡ ನಮಗೆ ಧೈರ್ಯ ಸಾಲದು. ಬಿಸ್ಕತ್ತಿನ ಹಳೆಯ ಡಬ್ಬಿಯೊಂದಕ್ಕೆ ರಬ್ಬರ್ ಪಟ್ಟಿ ಅಂಟಿಸಿ, ಒಳಗೆ ಸಿಲಿಕಾ ಜೆಲ್ಲಿನ ಚೀಲವಿಟ್ಟಿದ್ದೇವೆ. ನೀಲಿ ಹರಳು ನಸುಗೆಂಪಾದ ದಿನ ಅದನ್ನು ಹುರಿದು ಒಣಗಿಸುವ ಕೆಲಸ ಏಳನೆಯ ತರಗತಿಯವರದು.

ಮೊನ್ನೆ ಶಾಲೆಯ ಯಕ್ಷಗಾನ ತರಗತಿಯ ಮಕ್ಕಳಿಗೆ ಬಣ್ಣ ಹಚ್ಚಿಸಿ ಪರೀಕ್ಷೆ ನಡೆಸಿದೆವು. ಚೌಕಿಯ ಇಕ್ಕಟ್ಟಿನಲ್ಲಿ 17, ರಂಗಸ್ಥಳದ ಮುಂದೆ 70. ಮೊಮ್ಮಗಳು ಅಭಿಮನ್ಯುವಿನ ವೇಷದಲ್ಲಿದ್ದಳು. ದಿಗಿಣದ ಚಿತ್ರದಲ್ಲಿ ಕಾಲ್ಗೆಜ್ಜೆ ತುಸು ಮಸುಕು, ಮುಖ ನಿಚ್ಚಳ. ಅದನ್ನು ಅವಳ ಅಜ್ಜಿಗೆ ಕಳುಹಿಸಿಕೊಟ್ಟಿದ್ದೇವೆ.